ಯಶೋಧರೆ ಬಡವಾಗಿಲ್ಲ

ಚಾಮರಾಜಪೇಟೆ
14-8-1983

ಪ್ರೀತಿಯ ಅವ್ವ,

ಭದ್ರಾವತಿಯಲ್ಲಿ ನೀನೂ ತಮ್ಮ ಚಲುವರಾಜೂ ಕ್ಷೇಮವೆಂದು ನಂಬಿದ್ದೇನೆ. ಅವನು ಇದನ್ನು ಓದಿ ಹೇಳುವಾಗ ಗಾಬರಿಯಾಗಬೇಡ. ನಿನ್ನ ಮೊಮ್ಮಗಳು ಯಶೋಧರೆ ಚೆನ್ನಾಗಿದ್ದಾಳೆ.

ಹೋದ ಸೋಮವಾರ ಶಾಲೆಯಲ್ಲಿ ಓಟದ ಅಭ್ಯಾಸ ಮಾಡುವಾಗ ಅವಳು ಉಸಿರು ಸಿಗದೆ ಕುಸಿದುಬಿಟ್ಟಳು. ನಾನು ಹೋಗುವಷ್ಟರಲ್ಲಿ ತುಟಿ ಬಿಳಿಚಿಕೊಂಡು ಬೆಂಚಿನ ಮೇಲೆ ಮಲಗಿದ್ದಳು. ಒಂಬತ್ತು ವರ್ಷದವಳನ್ನು ಎತ್ತಿಕೊಳ್ಳಲು ನನ್ನ ಕೈಲಾಗಲಿಲ್ಲ ಅವ್ವ, ಆಟೋದವನೇ ಎತ್ತಿ ಕೂರಿಸಿದ. ಹೃದಯವೇ ಕೆಟ್ಟಿದೆಯೆಂದು ದಾರಿಯುದ್ದಕ್ಕೂ ಅತ್ತೆ.

ಬಸವನಗುಡಿಯ ಡಾಕ್ಟರು ವೃಷಭೇಂದ್ರಪ್ಪನವರು ಎದೆಗೆ ತಂತಿ ಹಚ್ಚಿ ನೋಡಿದರು. "ಹಾರ್ಟು ಗಟ್ಟಿಯಾಗಿದೆ ಕಣಮ್ಮ. ತೂಕ ಜಾಸ್ತಿ ಆಗಿದೆ, ಅಷ್ಟೆ. ಏನೇನ್ ತಿಂತಾಳೆ, ಎಲ್ಲಿ ಆಡ್ತಾಳೆ?" ಎಂದರು. ನನಗೆ ಹೋದ ಜೀವ ಬಂದಂತಾಯಿತು. ತಿನ್ನುವುದನ್ನು ಹೇಳಿದೆ, ಆಡುವುದೇ ನಿಂತುಹೋಗಿದೆ ಎಂದೂ ಹೇಳಿದೆ. ಓಕಳಿಪುರದ ವಠಾರದಲ್ಲಿ ದಿನವಿಡೀ ಕುಂಟಾಬಿಲ್ಲೆ ಆಡುತ್ತಿದ್ದವಳು. ನಿನ್ನ ಅಳಿಯನಿಗೆ ಬಡ್ತಿಯಾಗಿ ಈ ಮನೆಗೆ ಬಂದಮೇಲೆ ಶಾಲೆಗೆ ಸ್ಕೂಟರು, ಸಂಜೆಗೆ ಟೀವಿ, ಜೊತೆಗೆ ಅವರಪ್ಪ ಬೇಕರಿಯಿಂದ ತರುವ ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್. ಅವಳ ಕೆನ್ನೆ ತುಂಬಿದಷ್ಟೂ ನಮ್ಮ ಕಷ್ಟ ತೀರಿತೆಂದು ಹಿಗ್ಗುತ್ತಿದ್ದೆವು.

ತಿಂಡಿ ಕಡಿಮೆ ಮಾಡಬೇಕಂತೆ ಎಂದು ಮನೆಯಲ್ಲಿ ಹೇಳಿದರೆ ಇವರು ಕೆಂಡವಾದರು. "ಬೇಕರಿ ಗಾಜಿನಾಚೆ ನಿಂತು ಬೆಳೆದೋನು ನಾನು. ನನ್ ಮಗಳಿಗೆ ಬೇಡ ಅನ್ನಕ್ಕೆ ದುಡೀತಿದೀನಾ?"

ಬಾಗಿಲ ಬಳಿ ನಿಂತಿದ್ದ ಯಶೋಧರೆ, "ಅಪ್ಪ, ಯಾರೂ ನನ್ನ ಆಟಕ್ಕೆ ಸೇರಿಸ್ಕೊಳ್ಳಲ್ಲ. ನಂಗೂ ಓಡ್ಬೇಕು" ಎಂದಳು.

ಮರುದಿನ ಇವರು ಸ್ಕೂಟರು ಬಿಟ್ಟು, ಅವಳ ಚೀಲ ತಾವೇ ಹೆಗಲಿಗೆ ಹಾಕಿಕೊಂಡು ಶಾಲೆಗೆ ನಡೆಸಿಕೊಂಡು ಹೋದರು. ಈ ಭಾನುವಾರ ಮೂವರೂ ಬಸವನಗುಡಿಯ ಕಹಳೆಬಂಡೆ ಗುಡ್ಡಕ್ಕೆ ಹೋಗಿದ್ದೆವು. ಅಪ್ಪ, ಮಗಳು ನಿಂತು ನಿಂತು ಮೇಲೆ ಹತ್ತಿ ಅಲ್ಲಿಂದ ನನ್ನನ್ನು ಕೂಗಿದರು. ಇಬ್ಬರೂ ಏದುಸಿರು ಬಿಡುತ್ತಾ ನಗುತ್ತಿದ್ದರು. ಕೆಳಗೆ ನಿಂತು ನಾನೂ ನಕ್ಕೆ.

ದೀಪಾವಳಿಗೆ ಬಂದಾಗ ಮೊಮ್ಮಗಳನ್ನು ನೋಡಿ "ಬಡವಾಗವಳೆ" ಎಂದು ಮಾತ್ರ ಅನ್ನಬೇಡ. ಆ ಮಾತು ನಿನ್ನ ಅಳಿಯನಿಗೆ ಬೇರೆಯದೇ ಆಗಿ ಕೇಳಿಸುತ್ತದೆ.

ನಿನ್ನ ಮಡಿಲ ಮಗಳು,
ಪಾರ್ವತಿ

ಬರೆಯಲೋ ಬೇಡವೋ ಅಂದುಕೊಂಡದ್ದು: ಡಾಕ್ಟರು ನನ್ನ ಕಣ್ಣಿನ ರೆಪ್ಪೆಯನ್ನೂ ಎಳೆದು ನೋಡಿದರು. ಮೈಯಲ್ಲಿ ರಕ್ತವೇ ಕಡಿಮೆಯಂತೆ. "ನೀವೇನ್ ತಿಂತೀರಮ್ಮ?" ಎಂದಾಗ ಸುಳ್ಳು ಬರಲಿಲ್ಲ. ಇಷ್ಟೆಲ್ಲ ಇದ್ದರೂ, ಎಲ್ಲರದ್ದೂ ಆದಮೇಲೆ ಮಿಕ್ಕಿದ್ದನ್ನೇ ಉಣ್ಣುತ್ತಿದ್ದೆ. ಈಗ ಮೂವರೂ ಒಟ್ಟಿಗೆ ಕೂರುತ್ತೇವೆ. ಯಶೋಧರೆ ನನಗೇ ಮೊದಲು ಬಡಿಸುತ್ತಾಳೆ.