ಬಾಟಲಿಯ ಮೇಲೆ ಎಳೆದ ಗೆರೆ

ಪ್ರೀತಿಯ ಅಕ್ಕ,

ಗುರುವಾರ, ಬೆಳಿಗ್ಗೆ ಹತ್ತೂವರೆ

ಸೋಮವಾರವೇ ನೀನು ಅಂಚೆಗೆ ಹಾಕಿದ ಪತ್ರ ನಿನ್ನೆ ಬಂತು. ಹೇಗಿದ್ದೀ ಎಂದು ಕೇಳುವ ಮೊದಲೇ ಆಯಮ್ಮನನ್ನು ಕೆಲಸದಿಂದ ಯಾಕೆ ಬಿಡಿಸಿದೆ ಎಂದು ಕೇಳಿದ್ದೀಯ; ಅವರೇ ನಿನಗೆ ಫೋನ್ ಮಾಡಿರಬೇಕು. ನಿನ್ನ ಇಬ್ಬರು ಮಕ್ಕಳನ್ನೂ ಆಡಿಸಿದ ಕೈ ಅದು. ಅವರು ತಮ್ಮ ಮಗಳ ಜೊತೆ ಇರಲು ಈ ಊರಿಗೆ ಬಂದಾಗ ನಮ್ಮ ಮನೆಗೆ ಗೊತ್ತು ಮಾಡಿಕೊಟ್ಟವಳೂ ನೀನೇ. ನಿನಗೆ ಕೋಪ ಬರುವುದು ಸಹಜ. ಆದರೆ ನನ್ನ ಮಾತು ಪೂರ್ತಿ ಕೇಳು, ಆಮೇಲೆ ಬೈಯುವುದಿದ್ದರೆ ಬೈ.

ನಮ್ಮ ಮನೆಯ ಅವತಾರ ನಿನಗೆ ಗೊತ್ತೇ ಇದೆ. ಇವರಿಗೆ ಬ್ರೆಡ್ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ನನಗೆ ಕನ್ನಡಕದ ಗಾಜಿನ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ಆರೂವರೆಗೆ ಇವರು ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡು ಮೆಟ್ಟಿಲು ಹತ್ತುತ್ತಾರೆ, ನಾನು ಇಳಿಯುತ್ತೇನೆ. ಮಗಳು ಎದ್ದಿದ್ದಾಳಾ ಎನ್ನುತ್ತಾರೆ ಇವರು, ಇನ್ನೂ ಇಲ್ಲ ಎನ್ನುತ್ತೇನೆ ನಾನು. ಆ ದಿನದ ಸಂಸಾರ ಅಲ್ಲಿಗೆ ಮುಗಿಯಿತು. ಎಂಟಕ್ಕೆ ಆಯಮ್ಮ ಬಂದ ಮೇಲೆ ಇವರು ಒಳಕೋಣೆಯಲ್ಲಿ ಬಿದ್ದುಕೊಳ್ಳುತ್ತಾರೆ. ನಾಲ್ಕಕ್ಕೆ ನಾನು ಬರುತ್ತೇನೆ. ರಜೆಯಾದರೂ ಇಬ್ಬರಿಗೂ ಒಂದೇ ದಿನ ಬರಬಾರದೇ? ಅದೂ ಇಲ್ಲ.

ಒಂದು ತಿಂಗಳ ಹಿಂದೆ ಚೂಟಿಗೆ ನೆಗಡಿ ಹಿಡಿಯಿತು. ಮೂಗು ಸೋರುವುದು ನಿಲ್ಲುವವರೆಗೂ ಬೆಳಿಗ್ಗೆ ಅರ್ಧ ಚಮಚ, ರಾತ್ರಿ ಅರ್ಧ ಚಮಚ ಕೊಡಿ, ಸ್ವಲ್ಪ ನಿದ್ದೆ ಬರುವ ಔಷಧ, ಹೆಚ್ಚು ಮಾಡಬೇಡಿ ಎಂದರು ಡಾಕ್ಟರು. ಔಷಧವನ್ನು ಮಾತ್ರ ನಾವೇ ಕೊಡೋಣ, ಆಯಮ್ಮನ ಕೈಗೆ ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಎಷ್ಟಾದರೂ ಹೊರಗಿನವರು.

ಅದಾಗಿ ಸ್ವಲ್ಪ ದಿನಕ್ಕೇ ಮಗು ಮಂಕಾಯಿತು, ಅಕ್ಕ. ನಾನು ನಾಲ್ಕಕ್ಕೆ ಬಂದಾಗ ಓಡಿ ಬಂದು ಕಾಲು ಕಟ್ಟಿಕೊಳ್ಳುತ್ತಿದ್ದವಳು ಕಣ್ಣು ಅರ್ಧ ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದಳು. ಆಯಮ್ಮನ ಕೈಗೆ ಒಂದು ಪುಸ್ತಕ ಕೊಟ್ಟೆ. ಎಷ್ಟು ಹೊತ್ತಿಗೆ ಏನು ತಿಂದಳು, ಎಷ್ಟು ಹೊತ್ತು ಮಲಗಿದಳು, ಎಲ್ಲ ಬರೆದಿಡಿ ಎಂದೆ. ಮೂರು ದಿನಕ್ಕೆ ಒಂದು ಸಲ ಅದರಲ್ಲಿ ಅದೇ ಸಾಲು: ಮಗು ತುಂಬಾ ಮಲಗುತ್ತೆ, ಡಾಕ್ಟರಿಗೆ ತೋರಿಸಿ. ತಾವೇ ಮಲಗಿಸಿ ತಾವೇ ದೂರು ಬರೆಯುವುದು! ನನಗೇನು ಅಷ್ಟೂ ತಿಳಿಯುವುದಿಲ್ಲವೇ?

ದಿನಕ್ಕೆ ನಾನೂರು ಗಾಜು ಬೆಳಕಿಗೆ ಹಿಡಿದು ಗೀರು ಹುಡುಕುವವಳು ನಾನು. ಮನೆಯಲ್ಲೂ ಅದೇ ಕಣ್ಣಿನಿಂದ ನೋಡಿದೆ. ಭಾನುವಾರ ನನಗೆ ರಜೆ, ಆಯಮ್ಮ ಬರುವುದಿಲ್ಲ, ಅವತ್ತು ಚೂಟಿ ಬುಗುರಿ. ಸೋಮವಾರ ಆಯಮ್ಮ ಬರುತ್ತಾರೆ, ಚೂಟಿ ಒದ್ದೆ ಬಟ್ಟೆಯ ಮುದ್ದೆ. ಆಗ ಔಷಧದ ಹೊಸ ಬಾಟಲಿಯ ಮೇಲೆ ಪೆನ್ನಿನಿಂದ ಸಣ್ಣ ಗೆರೆ ಎಳೆದೆ. ಬೆಳಿಗ್ಗೆ ಆರಕ್ಕೆ, ಮಗು ಅರೆನಿದ್ದೆಯಲ್ಲಿರುವಾಗಲೇ, ಅರ್ಧ ಚಮಚ ನಾನೇ ಕೈಯಾರೆ ಕುಡಿಸುತ್ತೇನೆ, ರಾತ್ರಿ ಮತ್ತೆ ಅರ್ಧ. ಆ ಲೆಕ್ಕದಲ್ಲಿ ಬಾಟಲಿ ಇಪ್ಪತ್ತು ದಿನ ಬರಬೇಕು. ಹದಿನಾಲ್ಕಕ್ಕೇ ತಳ ಕಂಡಿತು. ಇವರಿಗೆ ತೋರಿಸಿದೆ. ಇವರೂ ಕೆಂಡವಾದರು. ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇನ್ಯಾರಿದ್ದಾರೆ, ಆಯಮ್ಮನೇ ಅಲ್ವಾ ಎಂದರು.

ಮೊನ್ನೆ ಸೋಮವಾರ ತಲೆನೋವು ಎಂದು ಸುಳ್ಳು ಹೇಳಿ ಹನ್ನೊಂದಕ್ಕೇ ಮನೆಗೆ ಬಂದೆ. ಸದ್ದಾಗದಂತೆ ಬಾಗಿಲು ತೆಗೆದೆ. ಮಗು ಆಯಮ್ಮನ ತೊಡೆಯ ಮೇಲೆ ತಲೆ ಚೆಲ್ಲಿ ಮಲಗಿತ್ತು. ಅವರು ಒದ್ದೆ ಬಟ್ಟೆಯಲ್ಲಿ ಅದರ ಬಾಯಿ, ಕೆನ್ನೆ ಎಲ್ಲ ಒರೆಸುತ್ತಿದ್ದರು. ಯಾಕೆ ಒರೆಸಬೇಕು ಹೇಳು? ಕುಡಿಸಿದ್ದರ ಗುರುತು ಅಳಿಸುವುದಕ್ಕಲ್ಲದೆ? ನಾನೇನೂ ಕೂಗಾಡಲಿಲ್ಲ. ಅವರ ಚೀಲ ಸ್ವಲ್ಪ ನೋಡಿದೆ, ಇರುವ ವಿಷಯ ಹೇಳಿದೆ, ಅಷ್ಟೇ. ಅವರು ಮಗೂನ ಮೊದ್ಲು ಡಾಕ್ಟರ ಹತ್ರ ಕರ್ಕೊಂಡ್ ಹೋಗಮ್ಮ ಎಂದು ಹೇಳಿ, ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ತಪ್ಪಿಲ್ಲದವರು ಹಾಗೆ ಸುಮ್ಮನೆ ಹೋಗುತ್ತಾರೆಯೇ?

ಆಯಮ್ಮ ಸಂಜೆ ಕೆಲಸಕ್ಕೆ ಹೋಗುತ್ತಿದ್ದ ಮೇಲಿನ ಮಹಡಿಯ ಎರಡು ಮನೆಗಳಿಗೂ ಹೇಳಿದ್ದೇನೆ. ಅವರಿಗೂ ಪುಟ್ಟ ಮಕ್ಕಳಿವೆ, ಹೇಳುವುದು ನನ್ನ ಕರ್ತವ್ಯ. ಅವರೂ ಆಯಮ್ಮನನ್ನು ಬಿಡಿಸಿದರು.

ಇನ್ನೂ ಅನುಮಾನವಿದ್ದರೆ ಕೇಳು. ಮಂಗಳವಾರದಿಂದ ರಜೆ ಹಾಕಿ ನಾನೇ ಮನೆಯಲ್ಲಿದ್ದೇನೆ. ಇವರು ಬಂದ ಕೂಡಲೇ ಮಲಗುತ್ತಾರೆ, ಮಗು ಪೂರ್ತಿ ನನ್ನ ಪಾಲು. ಮೂರೇ ದಿನಕ್ಕೆ ಚೂಟಿ ಮೊದಲಿನ ಚೂಟಿಯಾಗಿದ್ದಾಳೆ. ಈಗ ಮೇಜಿನ ಕೆಳಗೆ ಕೂತು ನನ್ನ ಚಪ್ಪಲಿಗೆ ಹಾಲು ಕುಡಿಸುತ್ತಿದ್ದಾಳೆ. ಇದಕ್ಕಿಂತ ಸಾಕ್ಷಿ ಬೇಕೇ? ಸೋಮವಾರ ನನ್ನ ರಜೆ ಮುಗಿಯುತ್ತದೆ. ನಂಬಿಕಸ್ತರು ಬೇರೆ ಯಾರಾದರೂ ಗೊತ್ತಿದ್ದರೆ ಬೇಗ ತಿಳಿಸು. ಈ ಸಲ ಚೆನ್ನಾಗಿ ವಿಚಾರಿಸು.

ಬೈಸಿಕೊಳ್ಳಲು ತಯಾರಾಗಿರುವ,
ನಿನ್ನ ತಂಗಿ

ತಾ.ಕ. ಶನಿವಾರ

ಅಕ್ಕ, ಮೇಲಿನದನ್ನು ಹರಿದು ಹಾಕಿ ಬೇರೆ ಬರಿ ಎಂದರು ಇವರು. ಬೇಡ, ನಾನು ಎಂಥವಳು ಎಂದು ಅಕ್ಕನಿಗೆ ಗೊತ್ತಾಗಲಿ ಎಂದೆ.

ನಿನ್ನೆ ಪತ್ರವನ್ನು ಅಂಚೆಗೆ ಹಾಕಲು ಹೊರಟವರು, ಓದಲಾ ಎಂದು ಕೇಳಿದರು. ಓದಿ ಎಂದೆ. ಎರಡನೇ ಹಾಳೆಗೆ ಬಂದವರು ಅಲ್ಲೇ ನಿಂತರು. ಬೆಳಿಗ್ಗೆ ಆರಕ್ಕೆ ನೀನ್ ಔಷಧಿ ಕೊಡ್ತೀಯಾ ಎಂದರು. ದಿನಾ ಕೊಡ್ತೀನಿ ಎಂದೆ. ಇವರು ಹಾಳೆಯನ್ನು ಮೇಜಿನ ಮೇಲಿಟ್ಟರು. ಎಂಟಕ್ಕೆ ನಾನೂ ಕೊಡ್ತೀನಲ್ಲ, ಆಯಮ್ಮ ಬರೋಕ್ ಮುಂಚೆ ಎಂದರು. ನೀನು ಮನೇಲಿರೋ ದಿನ ನೀನೇ ಕೊಡ್ತೀಯ ಅಂತ ಸುಮ್ನೆ ಮಲ್ಕೋತೀನಿ ಎಂದರು.

ನಾವೇ ಕೊಡೋಣ ಎಂದು ಅವತ್ತು ಮಾತಾಡಿಕೊಂಡೆವಲ್ಲ, ಯಾರು, ಯಾವಾಗ ಎಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಕೇಳುವಷ್ಟು ಹೊತ್ತು ಮೆಟ್ಟಿಲ ಮೇಲೆ ಎಲ್ಲಿ ನಿಂತೆವು? ಪುಸ್ತಕ ಇಟ್ಟದ್ದೂ ಆಯಮ್ಮನನ್ನು ಕಾಯುವುದಕ್ಕೆ. ಅದರಲ್ಲಿ ನಾವು ಒಂದಕ್ಷರ ಬರೆದಿರಲಿಲ್ಲ.

ಮಗುವನ್ನು ಡಾಕ್ಟರಿಗೆ ತೋರಿಸಿದೆವು. ಏನೂ ಆಗಿಲ್ಲ, ಆಗಬಹುದಿತ್ತು ಎಂದರು. ಆಯಮ್ಮ ಒದ್ದೆ ಬಟ್ಟೆ ಹಿಡಿದು ಅವತ್ತು ಮಗುವನ್ನು ಎಚ್ಚರಿಸಲು ನೋಡುತ್ತಿದ್ದರು, ಅಕ್ಕ. ಇನ್ನೊಂದು ನಿಜ ಹೇಳುತ್ತೇನೆ. ನಾನು ಚೀಲ ಸ್ವಲ್ಪ ನೋಡಿದ್ದಲ್ಲ, ನೆಲಕ್ಕೆ ಸುರಿದಿದ್ದೆ. ಕೂಗಾಡಿಯೂ ಇದ್ದೆ, ಒಳಕೋಣೆಯಲ್ಲಿ ಇವರಿಗೆ ಎಚ್ಚರವಾಗುವಷ್ಟು. ಅವರು ಮೊಣಕಾಲೂರಿ ಎಲ್ಲ ಆಯ್ದುಕೊಂಡು ಹೋದರು.

ಮೇಲಿನ ಎರಡೂ ಮನೆಗಳಿಗೆ ಇವತ್ತು ಇಬ್ಬರೂ ಹೋಗಿ ತಪ್ಪು ನಮ್ಮದೇ ಎಂದು ಹೇಳಿಬಂದೆವು. ಒಂದು ಮನೆಯವರು ನಂಬಿದರು, ಇನ್ನೊಂದು ಮನೆಯವರು ಇನ್ನು ಯಾರನ್ನು ನಂಬುವುದೋ ಎಂದು ಬಾಗಿಲು ಹಾಕಿಕೊಂಡರು. ಆಯಮ್ಮನಿಗೆ ಹದಿನೇಳು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಎದುರಿಗೆ ಹೋಗಿ ನಿಲ್ಲಬೇಕು. ವಾಪಸು ಬನ್ನಿ ಎಂದು ಕೇಳುವ ಮುಖ ನನಗಿಲ್ಲ, ತಪ್ಪಾಯಿತು ಎಂದಾದರೂ ಹೇಳಬೇಕು.

ನಾಲ್ಕು ತಿಂಗಳು ಅವರು ದಿನಾ ಎಂಟಕ್ಕೆ ನಮ್ಮ ಬಾಗಿಲಿಗೆ ಬಂದರು. ಅವರ ಮನೆ ಎಲ್ಲಿದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ನಿನ್ನ ಹತ್ತಿರ ವಿಳಾಸ ಇದ್ದರೆ ಕಳಿಸು.