ಎಡಬಲ ಕೂಡಿದ ಹರಳು

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಎರಡು ತಿಂಗಳಿಂದ ಪತ್ರವಿಲ್ಲ, ಫೋನು ಮಾಡಿದರೂ ಎರಡೇ ಮಾತು. ಬೈಯಬೇಡ. ಭಾವನವರ ಮೊಣಕಾಲು ನೋವು ಹೇಗಿದೆ? ನಿನ್ನ ಮಕ್ಕಳು ನನ್ನ ಪುಟ್ಟಿಯನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ ತಾನೆ? ಸೋತರೆ ಕಚ್ಚುತ್ತಾಳೆ, ಹುಷಾರು.

ಸುದ್ದಿ ಕೇಳು. ಹರಳು ಬಂತು. ಕುಣಿಯಬೇಡ, ಪೂರ್ತಿ ಓದು.

ನಾನು ಮಾಡುತ್ತಿರುವುದು ಸತುವನ್ನು ತಬ್ಬಿ ಹಿಡಿಯುವ ಒಂದು ಅಣು, ಲಿಗಂಡ್ ಅನ್ನುತ್ತೇವೆ. ಎಷ್ಟೋ ಸಲ ಹೇಳಿದ್ದೇನೆ, ನೀನು ಪ್ರತಿ ಸಲವೂ 'ಅರ್ಥ ಆಯ್ತು' ಎಂದು ಸುಳ್ಳು ಹೇಳಿದ್ದೀಯ. ಎಡಗೈ ಬಲಗೈ ಇದ್ದ ಹಾಗೆ ಅದರಲ್ಲಿ ಎರಡು ಬಗೆ. ನನಗೆ ಬೇಕಾದ್ದು ಬಲಗೈಯದು ಮಾತ್ರ. ಅದನ್ನು ಶುದ್ಧವಾಗಿ ಮಾಡಿ ಸತುವಿಗೆ ಕೂಡಿಸಿದಾಗಲೆಲ್ಲ ಸೀಸೆಯ ತಳದಲ್ಲಿ ಅಂಟು, ಬರೀ ಅಂಟು. ಈ ಸಲ ಮಾತ್ರ ಸಕ್ಕರೆ ಕಾಳಿನಷ್ಟು ದಪ್ಪದ, ಚೂಪು ಅಂಚಿನ ಹರಳುಗಳು! ಲ್ಯಾಬಿನವರಿಗೆಲ್ಲ ಟೀ ಕೊಡಿಸಿಬಿಟ್ಟೆ.

ಹರಳಿನೊಳಗೆ ಅಣುಗಳು ಹೇಗೆ ಕೂತಿವೆ ಎಂದು ತೋರಿಸುವ ಎಕ್ಸ್-ರೇ ಯಂತ್ರ ನೋಡಿಕೊಳ್ಳುವವರನ್ನು ನಾವು ಮೌನಿ ಎನ್ನುತ್ತೇವೆ. ಅವರು ಅಪರೂಪಕ್ಕೆ ಬಾಯಿಬಿಟ್ಟರು: "ಎಡದ್ದೂ ಇದೆ, ಬಲದ್ದೂ ಇದೆ. ಸಮಸಮ. ನಿಮ್ಮ ಲಿಗಂಡ್ ಕೆಟ್ಟಿದೆ ಕಣಮ್ಮ." ಪರದೆಯ ಮೇಲೆ ತೋರಿಸಿದರು. ಒಂದು ಎಡಗೈ ಅಣು, ಒಂದು ಬಲಗೈ ಅಣು, ನಡುವೆ ಎರಡು ಹೈಡ್ರೋಜನ್ ಬಂಧ. ಈ ಬಂಧ ಬಹಳ ಸಡಿಲವಾದದ್ದು, ಆದರೂ ಜೊತೆ ಸಿಕ್ಕರೆ ಬಿಡುವುದಿಲ್ಲ. ಹಾಗೆ ಒಂದನ್ನೊಂದು ಹಿಡಿದುಕೊಂಡಿದ್ದಕ್ಕೇ ಹರಳಾಗಿವೆ.

ಮೇಷ್ಟ್ರು ನೋಡಿ, "ಹರಳೇನೋ ಚೆನ್ನಾಗಿದೆ, ಆದ್ರೆ ನಮಗೆ ಬೇಕಾದ್ದಲ್ವಲ್ಲಮ್ಮ. ಮೊದಲಿಂದ ಮಾಡು. ಕ್ಷಾರ ಹಾಕಿದ್ಮೇಲೆ ಅಷ್ಟು ಹೊತ್ತು ಕಾಯಿಸಬಾರ್ದು ಅಂತ ಗೊತ್ತಿರ್ಲಿಲ್ವಾ?" ಎಂದರು. ಗೊತ್ತಿತ್ತು, ಹೆಚ್ಚು ಕಾದರೆ ಬಲಗೈಯದರಲ್ಲಿ ಅರ್ಧ ಎಡಗೈಯದಾಗಿಬಿಡುತ್ತದೆ. ಮರೆತೆ. ಯಾಕೆ ಎಂದು ಕೇಳಿದ್ದಕ್ಕೆ ತಲೆನೋವು ಎಂದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸೀಸೆಯನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು, ಆದರೆ ಆಮೇಲೆ ಒರೆಸುವವಳೂ ನಾನೇ.

ಹರಳು ಬಂದ ದಿನ ಪಿಎಚ್‌ಡಿ ಪ್ರಬಂಧ ಮುಗಿದಂತೆ, ಪುಟ್ಟಿಯನ್ನು ಕರೆತರುತ್ತೇನೆ ಎಂದಿದ್ದೆ. ಒಂದೂವರೆ ವರ್ಷದ ಮಗುವನ್ನು ನಿನ್ನ ಮಡಿಲಿಗೆ ಹಾಕಿ ಬಂದವಳು ನಾನು, ಈಗ ಅವಳಿಗೆ ಮೂರು ತುಂಬಿದೆ. ನಮ್ಮ ಯಜಮಾನರು ಕೆಲಸ ಮಾಡುವ ಹಡಗು ದಡ ಸೇರುವುದೂ ಇನ್ನೂ ದೂರ. ಯಾವ ಮುಖ ಇಟ್ಟುಕೊಂಡು ಕೇಳಲಿ? ಇನ್ನೊಂದು ಆರು ತಿಂಗಳು ನೋಡಿಕೊಳ್ಳುತ್ತೀಯಾ ಅಕ್ಕ?

ಭಾವನವರಿಗೆ ನಮಸ್ಕಾರ. ಮೂರೂ ಮಕ್ಕಳು ಚೆನ್ನಾಗಿರಲಿ, ಹಸಿವು ನಿದ್ದೆ ಹೊತ್ತಿಗೆ ಸರಿಯಾಗಿ ಬರಲಿ.

ನಿನ್ನ ಮೊಂಡು ತಂಗಿ

ಮರೆತ ಮಾತು: ಯಾಕೆ ಮರೆತೆ ಎಂದು ನಿನಗಾದರೂ ಹೇಳಬೇಕು. ಅಂದು ಫ್ಲಾಸ್ಕನ್ನು ಬಿಸಿಗಿಟ್ಟು ಹೊರಗೆ ಬಂದು ನಿನಗೆ ಫೋನು ಮಾಡಿದೆ. ಎತ್ತಿದವಳು ಪುಟ್ಟಿ. ನನ್ನ ದನಿ ಕೇಳಿದವಳೇ ಒಳಕ್ಕೆ ಕೂಗಿದಳು, "ಅಮ್ಮಾ, ಚಿಕ್ಕಮ್ಮಂದು ಫೋನು!" ನಿನ್ನ ಮಕ್ಕಳು ಕರೆದ ಹಾಗೆ ಅವಳೂ ಕರೆಯುತ್ತಾಳೆ, ಅದಕ್ಕೆ ಬೇಜಾರಿಲ್ಲ. ಆದರೆ ಅಕ್ಕ, ನೀನು ಒಳಗಿನಿಂದ "ಬಂದೆ ಕಂದಾ" ಎಂದೆ. ಫೋನು ಇಟ್ಟ ಮೇಲೂ ಮೆಟ್ಟಿಲ ಹತ್ತಿರ ಹಾಗೇ ನಿಂತಿದ್ದೆ. ಒಳಗೆ ಫ್ಲಾಸ್ಕು ಕಾಯುತ್ತಲೇ ಇತ್ತು. ಮುಂದಿನ ಸಲ ಅವಳು ಹಾಗೆ ಕರೆದರೆ ಓಗೊಡಬೇಡ.

ಬೇಡ, ಓಗೊಡು. ಮಗು ಕರೆದರೆ ಯಾರಾದರೂ ಓಗೊಡಬೇಕಲ್ಲ.