ಬಿತ್ತನೆ ಚೀಲದ ಕೆಂಪು ದಾರ

೧೨ ಜೂನ್ ೨೦೨೫, ಗುರುವಾರ

ಬೀಜದಂಗಡಿಯ ಜಾವಾ ಪ್ರೋಗ್ರಾಂ ಇವತ್ತೂ ಮುಗಿಯಲಿಲ್ಲ. ಬಿತ್ತನೆ ಭತ್ತ ಒಂದು ಟೈಪು, ಊಟದ ಭತ್ತ ಇನ್ನೊಂದು. ಬೇರೆ ಮಾಡಿದವಳು ನಾನೇ, ಆದರೂ ಊಟದ ಭತ್ತದ ಜಾಗಕ್ಕೆ ಬಿತ್ತನೆಯದನ್ನು ಹಾಕುತ್ತೇನೆ. ಸಾಲು ಮುಗಿಯುವ ಮೊದಲೇ, ಕೋಡ್ ಬರೆಯುವ ಈ ಹಾಳಾದ ಎಡಿಟರ್ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತದೆ.

ನಂದಿಗುಡಿಯಿಂದ ಬಂದಿದ್ದ ಅಪ್ಪ ಪಕ್ಕದಲ್ಲೇ ಕೂತು ನೋಡಿದ.

"ಇದ್ಯಾಕಮ್ಮ ಕೆಂಪಗೈತೆ?"

"ಬಿತ್ತನೆ ಭತ್ತ ಮಿಲ್ಲಿಗೆ ಹೊಂಟೈತೆ ಅಂತ ಹೇಳ್ತೈತಪ್ಪ."

"ಹೋಗೋಕ್ಕಿಂತ ಮುಂಚೇನೇ? ಭಾಳ ಶಾಣೆ ಐತೆ ಬಿಡು," ಎಂದು ನಕ್ಕ.

ನನಗೆ ನಗು ಬರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ನಾನು ಊಟದ್ದೆಂದು ತಿಳಿದು ಬಿತ್ತನೆ ಚೀಲವನ್ನೇ ಮಿಲ್ಲಿಗೆ ಕಳಿಸಿ ಅಕ್ಕಿ ಮಾಡಿಸಿದ್ದೆ. ಅಪ್ಪ ಒಂದು ಮಾತೂ ಬೈಯಲಿಲ್ಲ. ಮರುದಿನ ಹರಿಹರಕ್ಕೆ ಹೋಗಿ ಕೆಂಪು ದಾರ ತಂದು, ಉಳಿದ ಬಿತ್ತನೆ ಚೀಲಗಳ ಬಾಯಿಗೆ ಕಟ್ಟಿದ.

ಈಗಲೂ ಕಟ್ಟುತ್ತಾನೆ.